ನೆಂಟರಿಗೂ ಐವತ್ತು ರೂಪಾಯಿ

ನಿಯಮಗಳೆಂದರೆ ನನಗೆ ಮೊದಲಿನಿಂದಲೂ ಅಪಾರ ಗೌರವ. ಆದರೆ ಅವನ್ನು ನಾನು ಬರೆದಿರಬೇಕು, ಪಾಲಿಸುವವರು ಬೇರೆಯವರಾಗಿರಬೇಕು. ಊರಿನ ಹಾಲಿನ ಡೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿಯಾಗಿರುವವನಿಗೆ ಈ ಗುಣ ಬರದೆ ಹೋದರೆ ಸೇವೆಯೇ ವ್ಯರ್ಥ. ‘ಹಾಲಿಗೆ ನೀರು ಬೆರೆಸಬಾರದು’ ಎಂದು ಡೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದವನು ನಾನೇ. ನಮ್ಮ ಮನೆಯಲ್ಲಿ ಹಸುವೇ ಇಲ್ಲದ್ದರಿಂದ ಆ ನಿಯಮವನ್ನು ಇವತ್ತಿನವರೆಗೂ ಮುರಿದಿಲ್ಲ. ಇಷ್ಟು ಶುದ್ಧಚಾರಿತ್ರ್ಯದ ಮನುಷ್ಯ ಐವತ್ತು ರೂಪಾಯಿ ಟಿಕೆಟಿನ ಮುಂದೆ ತಲೆತಗ್ಗಿಸಿದ ಕತೆಯನ್ನು ಬೇರೆ ಯಾರಾದರೂ ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ.

ನಮ್ಮೂರು ಹಾಸನ ಜಿಲ್ಲೆಯ ಹೆತ್ತೂರಿನಿಂದ ಇನ್ನೂ ಒಂದಿಷ್ಟು ಮೇಲಕ್ಕಿದೆ. ಊರ ಹಿಂದಿನ ಗುಡ್ಡದ ಮೇಲೆ ಒಂದು ಕೋಟೆ. ಕೋಟೆ ಎಂದರೆ ಒಂದೂವರೆ ಗೋಡೆ ಮತ್ತು ಬಾಗಿಲಿಲ್ಲದ ಒಂದು ಹೆಬ್ಬಾಗಿಲು. ಅದನ್ನು ಕಟ್ಟಿಸಿದ ಪಾಳೇಗಾರ ಯಾರು ಎಂದು ಕೇಳಿದರೆ ಊರಲ್ಲಿ ಮನೆಗೊಂದು ಹೆಸರು ಹೇಳುತ್ತಿದ್ದರು. ನಮಗೆ ಅದು ದನ ಕಟ್ಟಲು, ಬಿಸಿಲಿಗೆ ಮೆಣಸು ಒಣಹಾಕಲು ಬಹಳ ಅನುಕೂಲವಾಗಿತ್ತು. ಇತಿಹಾಸದಿಂದ ಅದಕ್ಕಿಂತ ಹೆಚ್ಚಿನ ಉಪಕಾರವನ್ನು ನಾವು ನಿರೀಕ್ಷಿಸಿದವರಲ್ಲ. ಹೀಗಿರುವಾಗ ಯಾರೋ ಪುಣ್ಯಾತ್ಮರು ಬೆಳಗಿನ ಮಂಜಿನಲ್ಲಿ ಆ ಹೆಬ್ಬಾಗಿಲಿನ ವಿಡಿಯೊ ಮಾಡಿ, ಹಿಂದೊಂದು ಸಂಗೀತ ಹಾಕಿ, ‘ಯಾರೂ ಅರಿಯದ ಸ್ವರ್ಗ’ ಎಂದು ಹೆಸರಿಟ್ಟು ಎಲ್ಲರಿಗೂ ಹಂಚಿಬಿಟ್ಟರು. ಯಾರೂ ಅರಿಯದ ಆ ಸ್ವರ್ಗಕ್ಕೆ ಮುಂದಿನ ಭಾನುವಾರವೇ ಕಾರುಗಳ ಸಾಲು. ಬಂದವರು ಮಂಜನ್ನು ನೋಡಿ, ಗೋಡೆಗೆ ಒರಗಿ ಫೋಟೊ ತೆಗೆಸಿಕೊಂಡು, ಪಾಳೇಗಾರನಿಗೆ ಕಾಣಿಕೆಯಾಗಿ ಚಿಪ್ಸಿನ ಕವರುಗಳನ್ನು ಬಿಟ್ಟು, ಸಂಜೆಯ ಹೊತ್ತಿಗೆ ಇಳಿದು ಹೋಗುತ್ತಿದ್ದರು. ಊರಿನ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳುತ್ತಿರಲಿಲ್ಲ. ಶೌಚಾಲಯ ಎಲ್ಲಿದೆ ಎಂದು ಮಾತ್ರ ಬಹಳ ವಿನಯದಿಂದ ಕೇಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಬರಬೇಕಾದ ಹಾಲಿನ ಗಾಡಿ ಹತ್ತೂವರೆಯಾದರೂ ಬರಲಿಲ್ಲ. ಕೆಳಗಿನ ತಿರುವಿನಲ್ಲಿ ರಸ್ತೆಯ ಎರಡೂ ಬದಿಗೆ ಕಾರು ನಿಲ್ಲಿಸಿ, ಕಾರಿನವರು ಗುಡ್ಡ ಹತ್ತಿದ್ದರು. ಅವರು ಇಳಿದು ಬರುವವರೆಗೂ ಗಾಡಿ ಅಲ್ಲೇ ನಿಂತಿತ್ತು. ಆವತ್ತು ಕಳಿಸಿದ ಹಾಲು ಒಡೆದಿದೆ ಎಂದು ಅಷ್ಟೂ ವಾಪಸ್ಸು ಬಂತು. ಎರಡು ಹಸು ಕಟ್ಟಿಕೊಂಡು ಮಗಳನ್ನು ನರ್ಸಿಂಗ್ ಓದಿಸುತ್ತಿರುವ ಜಯಕ್ಕ ಚರಂಡಿಗೆ ಸುರಿದ ಹಾಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, “ಮಂಜು ನೋಡಕ್ ಬಂದೋರ್ಗೆ ನಮ್ ಹಾಲು ಎಲ್ ಕಾಣ್ತದೆ ಬುಡಿ. ಎರಡೂ ಬೆಳ್ಳಗೇ ಐತಲ್ಲ,” ಎಂದು ಹೇಳಿ ಖಾಲಿ ಕ್ಯಾನು ತೊಳೆದುಕೊಂಡು ಮನೆಗೆ ಹೋದಳು.

ಆ ವಾರವೇ ಪಂಚಾಯಿತಿಯಲ್ಲಿ ಸಭೆ ಸೇರಿತು. ವಿದೇಶದ ಯಾವುದೋ ಹಳೆಯ ಪಟ್ಟಣದಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗಳಿಂದ ಪ್ರವೇಶ ಶುಲ್ಕ ವಸೂಲು ಮಾಡುತ್ತಾರೆಂದು ನಾನು ಪತ್ರಿಕೆಯಲ್ಲಿ ಓದಿದ್ದೆ. ಎದ್ದು ನಿಂತು ಅದನ್ನು ಹೇಗೆ ಹೇಳಿದೆನೆಂದರೆ, ಆ ಪಟ್ಟಣದವರು ನನ್ನನ್ನು ಕೇಳಿಯೇ ಜಾರಿಗೆ ತಂದರೇನೋ ಎನ್ನಿಸಬೇಕು. ಅಧ್ಯಕ್ಷರು, “ಹಂಗಾದ್ರೆ ನಿಯಮ ನೀವೇ ಬರ್ದ್‌ಬುಡಿ,” ಎಂದರು. ನಾನು ಕಾದಿದ್ದೇ ಅದಕ್ಕೆ. ಕಾರುಗಳು ಕೆಳಗಿನ ಮೈದಾನದಲ್ಲೇ ನಿಲ್ಲಬೇಕು, ದಿನದ ಮಟ್ಟಿಗೆ ಬರುವವರು ತಲೆಗೆ ಐವತ್ತು ರೂಪಾಯಿ ಕೊಡಬೇಕು ಎಂದು ಬರೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥನಾಗಿರುತ್ತಿದ್ದೆ. ಆದರೆ ನಿಯಮದಲ್ಲಿ ಸ್ವಲ್ಪ ಸಂಸ್ಕೃತಿಯೂ ಇರಲಿ ಎಂದುಕೊಂಡು, ‘ಅತಿಥಿ ಎಂದರೆ ದೇವರು, ಆದಕಾರಣ ಊರಿನ ಮನೆಗಳಲ್ಲಿ ರಾತ್ರಿ ತಂಗುವ ನೆಂಟರಿಗೆ, ಮನೆಯವರ ಚೀಟಿ ಇದ್ದಲ್ಲಿ, ಶುಲ್ಕವಿಲ್ಲ, ಅವರ ಕಾರು ಊರೊಳಗೆ ಬರಬಹುದು’ ಎಂದು ಇನ್ನೊಂದು ಸಾಲು ಸೇರಿಸಿದೆ. ಎಲ್ಲರೂ ಭೇಷ್ ಎಂದರು. ಬಿದಿರಿನ ಗೇಟು ಹಾಕಿ, ಟಿಕೆಟು ಹರಿಯುವ ಕೆಲಸವನ್ನು ಜಯಕ್ಕನಿಗೆ ಒಪ್ಪಿಸಿದರು.

ಜಯಕ್ಕ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದಾಗ ತೂಕದಲ್ಲಿ ಕಾಲು ಕೆ.ಜಿ. ಕಡಿಮೆ ಹಿಡಿದಿದ್ದಕ್ಕೆ ಲೆಕ್ಕ ಬರೆಯುವ ರೈಟರನ್ನೇ ಸ್ಟೋರಿನ ಬಾಗಿಲಲ್ಲಿ ಅರ್ಧ ದಿನ ನಿಲ್ಲಿಸಿದವಳು. ಮೊದಲ ಭಾನುವಾರ ಕಪ್ಪು ಕನ್ನಡಕದ ಒಬ್ಬರು ಕಾರಿನ ಕಿಟಕಿ ಇಳಿಸಿ, “ಐವತ್ತು ರೂಪಾಯಿ ಕೊಟ್ಟು ನೋಡೋಕೆ ಅಲ್ಲಿ ಏನಿದೆ?” ಎಂದು ಕೇಳಿದರು.

“ಏನೂ ಇಲ್ಲ ಸ್ವಾಮಿ,” ಎಂದಳು ಜಯಕ್ಕ. “ಅದುಕ್ಕೇ ಐವತ್ತು. ಏನಾರ ಇದ್ದಿದ್ರೆ ನೂರು ಮಾಡ್ತಿದ್ವಿ.”

ಅವರು ಒಂದು ಕ್ಷಣ ಯೋಚಿಸಿ ಐದು ಟಿಕೆಟು ತೆಗೆದುಕೊಂಡರು. ಜನಕ್ಕೆ ಬಿಟ್ಟಿ ಸಿಕ್ಕಿದ್ದರ ಮೇಲೆ ಇಲ್ಲದ ನಂಬಿಕೆ ಟಿಕೆಟಿನ ಮೇಲೆ ಬರುತ್ತದೆ. ಆದರೂ ಒಂದಷ್ಟು ಕಾರುಗಳು ಗೊಣಗಿಕೊಂಡು ಹಿಂದಿರುಗಿದವು, ಉಳಿದವು ಮೈದಾನದಲ್ಲಿ ನಿಂತವು, ಹಾಲಿನ ಗಾಡಿ ಏಳಕ್ಕೆ ಸರಿಯಾಗಿ ಬಂತು. ನಾನು ಡೇರಿಯ ಬಾಗಿಲಲ್ಲಿ ಪಾಳೇಗಾರನ ಹಾಗೆ ನಿಂತಿದ್ದೆ.

ಬುಧವಾರ ನನ್ನ ಚಿಕ್ಕಪ್ಪನ ಮಗ ರುದ್ರೇಶನ ಫೋನು ಬಂತು. ಹಾಸನದಲ್ಲಿ ಅವನದು ಟೈಲ್ಸ್ ಅಂಗಡಿ. ವರ್ಷಕ್ಕೊಮ್ಮೆ ಫೋನು ಮಾಡುತ್ತಿದ್ದವನು ವಿಡಿಯೊ ನೋಡಿದ ಮೇಲೆ ವಾರಕ್ಕೊಮ್ಮೆ ಅಣ್ಣ ಅತ್ತಿಗೆಯ ಯೋಗಕ್ಷೇಮ ವಿಚಾರಿಸತೊಡಗಿದ್ದ.

“ಏನಣ್ಣ, ನಿಮ್ಮನೆಗ್ ಬರಕ್ಕೂ ಟಿಕೆಟ್ ಅಂತೆ? ನಾಳೆ ಅತ್ಗೆ ಕೊಡೋ ಕಾಫಿಗೂ ಬಿಲ್ ಹಾಕ್ತೀರೇನೋಪ್ಪ.”

“ರಾತ್ರಿ ಉಳ್ಕಳೋ ನೆಂಟರಿಗೆ ಇಲ್ಲ ಕಣೋ,” ಎಂದೆ, ಬಹಳ ಹೆಮ್ಮೆಯಿಂದ.

ಶನಿವಾರ ಅವನ ಸಂಸಾರ ಆರು ದಿಂಬುಗಳ ಸಮೇತ ಬಂದಿಳಿಯಿತು. ಮುಂದಿನ ಶನಿವಾರ ಅವನ ನಾದಿನಿಯ ಸಂಸಾರ. ಅದರ ಮುಂದಿನ ಶನಿವಾರ, ಆ ನಾದಿನಿಯ ಗಂಡನ ಜೊತೆ ವಾಕಿಂಗ್ ಹೋಗುವ ಇಬ್ಬರು ಮತ್ತು ಅವರವರ ಸಂಸಾರ. ನಮ್ಮದು ಎರಡು ಕೋಣೆಯ ಮನೆ, ಒಂದೇ ಬಚ್ಚಲು. ಭಾನುವಾರ ಬೆಳಿಗ್ಗೆ ಬಚ್ಚಲ ಮುಂದಿನ ಸಾಲು ಗುಡ್ಡದ ಮೇಲಿನ ಸಾಲಿಗಿಂತ ಉದ್ದ. ನನ್ನ ಹೆಂಡತಿ ಮಂಗಳ ಮೂರು ವಾರ ಕಡುಬು ಬೇಯಿಸಿದಳು. ನಾಲ್ಕನೆಯ ವಾರ ಅಕ್ಕಿ ತರಿಯ ಡಬ್ಬವನ್ನು ತಂದು ನನ್ನ ಮುಂದಿಟ್ಟಳು.

“ಅತಿಥಿ ಅಂದ್ರೆ ದೇವ್ರು ಅಂತ ಬರ್ದೋರ್ಯಾರು?”

“ನಾನೇ,” ಎಂದೆ.

“ಹಂಗಾದ್ರೆ ನೈವೇದ್ಯನೂ ನೀವೇ ಮಾಡಿ. ನಂಗೆ ಮಂಡಿ ನೋಯ್ತೈತೆ.” ಅವಳ ಮಂಡಿ ನಿಜವಾಗಿಯೂ ಊದಿಕೊಂಡಿತ್ತು. ಮೂರು ವಾರದಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ನೆಂಟರಿಗೆ ಬರಬೇಡಿ ಎನ್ನಬೇಕು. ಆ ಧೈರ್ಯ ನನಗಿಲ್ಲ. ಟಿಕೆಟು ತಗೊಳ್ಳಿ ಎನ್ನಬೇಕು. ಆ ಮುಖವೂ ಇಲ್ಲ. ಇಂಥ ಸಂಕಟದಲ್ಲಿ ಹೇಡಿಗಳಿಗೆ ಹೊಳೆಯುವ ಜಾಣತನವೇ ನನಗೂ ಹೊಳೆಯಿತು. ರಾತ್ರಿ ತಂಗುವವರೆಂದು ಚೀಟಿ ಕೊಡುವುದು, ಸಂಜೆಯೇ ಸಾಗಹಾಕುವುದು. ಚೀಟಿಗೆ ತೂಕ ಬರಲೆಂದು ಡೇರಿಯ ಮೊಹರನ್ನೂ ಒತ್ತಿದೆ. ಕೈಗೆ ಸಿಕ್ಕಿದ ಮೊಹರಿನಲ್ಲಿ ‘ಪರೀಕ್ಷಿಸಲಾಗಿದೆ – ಕೊಬ್ಬಿನಂಶ ಸರಿಯಿದೆ’ ಎಂದಿತ್ತು. ಆ ವಾರ ಬಂದಿದ್ದ ರುದ್ರೇಶನ ಬೀಗರಿಗೆ ಅದು ಅನ್ವಯಿಸುತ್ತಿದ್ದದ್ದೂ ಸುಳ್ಳಲ್ಲ.

ಹೀಗೆ ಎರಡು ಭಾನುವಾರ ಕಳೆದವು. ಸೋಮವಾರ ಸಂಜೆ ಹಾಲು ಹಾಕಲು ಬಂದ ಜಯಕ್ಕ ಎಲ್ಲರೂ ಹೋಗುವವರೆಗೂ ನಿಂತಿದ್ದಳು.

“ಸೆಕ್ರೆಟ್ರಿಯಣ್ಣ, ನಿಮ್ಮನೇಲಿ ಎಷ್ಟ್ ರೂಮು?”

“ಎರಡು. ಯಾಕೆ?”

“ನಿನ್ನೆ ಇಪ್ಪತ್ಮೂರ್ ಜನ ಉಳ್ಕಂಡವ್ರೆ ಅಂತ ಚೀಟಿ ಐತೆ.”

“ನೆಂಟರಲ್ವಾ, ಅಡ್ಜಸ್ಟ್ ಮಾಡ್ಕಂಡ್ರು.”

“ಅಡ್ಜಸ್ಟ್ ಮಾಡ್ಕಂಡೋರು ಐದ್ ಗಂಟೆಗೆ ಕೆಳಕ್ ಹೋದ್ರು. ಬಿದಿರು ಎತ್ತಿದ್ದು ನಾನೇ.” ಅವಳು ದನಿ ಏರಿಸಲಿಲ್ಲ. “ಅದ್ ಹೋಗ್ಲಿ ಬುಡಿ. ನಿನ್ನೆ ಹಾಲಿನ್ ಗಾಡಿ ಒಂದ್ ಗಂಟೆ ನಿಂತಿತ್ತಲ್ಲ, ಅದ್ರ ಮುಂದೆ ಅಡ್ಡ ಇದ್ದಿದ್ದು ನಾಕ್ ಕಾರು. ನಾಕ್ರಲ್ಲೂ ನಿಮ್ ಚೀಟಿ ಇತ್ತು.”

ಅವಳ ಹಾಲು ಅಳೆದು ಪುಸ್ತಕದಲ್ಲಿ ಬರೆಯಬೇಕಿತ್ತು. ಎರಡು ಸಲ ತಪ್ಪು ಬರೆದು ಹೊಡೆದುಹಾಕಿದೆ. ನಿನ್ನೆಯ ಹಾಲು ಒಡೆದಿರಲಿಲ್ಲ ಎನ್ನುವುದೊಂದೇ ಸಮಾಧಾನ. ಅದರಲ್ಲಿಯೂ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ, ಚಳಿ ಹೆಚ್ಚಾಗಿತ್ತು.

ಮುಂದಿನ ಸಭೆಯಲ್ಲಿ ಜಯಕ್ಕ ನನ್ನ ಹೆಸರೆತ್ತುತ್ತಾಳೆಂದು ಮೈಯೆಲ್ಲ ಕಿವಿಯಾಗಿ ಕೂತಿದ್ದೆ. ಅವಳು, “ಚೀಟಿ ಪದ್ಧತಿ ತೆಗೆದ್‌ಬುಡಿ,” ಎಂದಷ್ಟೇ ಹೇಳಿ ಕೂತಳು. “ಯಾಕವ್ವ?” ಎಂದರು ಅಧ್ಯಕ್ಷರು. ನಾನು ಎದ್ದೆ. ಕೆಲವರು ಈ ಸೌಲಭ್ಯವನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ, ಇದು ಊರಿನ ನೈತಿಕತೆಯ ಪ್ರಶ್ನೆ ಎಂದು ಚೆನ್ನಾಗಿಯೇ ಶುರುಮಾಡಿದೆ. ಮಾತಿನ ಮಧ್ಯೆ ಜಯಕ್ಕನ ಕಡೆ ಕಣ್ಣು ಹೋಯಿತು. ಅವಳು ನೆಲ ನೋಡುತ್ತಿದ್ದಳು. ನನಗೆ ನಾಚಿಕೆಯಾಗಬಾರದೆಂದು ಅವಳೇ ತಲೆತಗ್ಗಿಸಿದ್ದಳೆಂದು ಗೊತ್ತಾದ ಮೇಲೆ ಭಾಷಣ ಮುಂದುವರಿಯಲಿಲ್ಲ.

“ಕೆಲವರು ಅಂದ್ರೆ ನಾನೇ,” ಎಂದೆ.

ಅಧ್ಯಕ್ಷರು, “ಅದ್ ನಮಗೂ ಗೊತ್ತಿತ್ತು ಕಣ್ರೀ. ಚೀಟಿ ಮೇಲೆ ಕೊಬ್ಬಿನಂಶ ಅಂತ ಇತ್ತಲ್ಲ,” ಎಂದರು. ಎಲ್ಲರೂ ನಕ್ಕರು. ಅತಿಥಿಯೆಂಬ ದೇವರನ್ನು ನಿಯಮದಿಂದ ಸರ್ವಾನುಮತದಿಂದ ತೆಗೆದುಹಾಕಲಾಯಿತು. ನೆಂಟರಾದರೂ ಐವತ್ತು, ಯಾರ ಕಾರಾದರೂ ಮೈದಾನದಲ್ಲಿ.

ವಿಷಯವನ್ನು ರುದ್ರೇಶನಿಗೆ ನಾನೇ ತಿಳಿಸಿದೆ. ಅವನು ಅರ್ಧ ನಿಮಿಷ ಮನಸ್ಸಿನಲ್ಲೇ ಲೆಕ್ಕ ಹಾಕಿ, “ಈ ವಾರ ಸ್ವಲ್ಪ ಕೆಲ್ಸ ಐತೆ ಅಣ್ಣ, ನೋಡಣ,” ಎಂದ. ಅವನ ಕೆಲಸ ಐದು ವಾರವಾದರೂ ಮುಗಿದಿಲ್ಲ. ತಮ್ಮನ ಕಣ್ಣಿನಲ್ಲಿ ಅಣ್ಣನ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಹೆಚ್ಚಿನವರಿಗೆ ಜೀವಮಾನವಿಡೀ ಉತ್ತರ ಸಿಗುವುದಿಲ್ಲ. ನನಗೆ ಸಿಕ್ಕಿದೆ, ಐವತ್ತಕ್ಕಿಂತ ಸ್ವಲ್ಪ ಕಡಿಮೆ. ಮಂಗಳಳ ಮಂಡಿ ಈಗ ಎಷ್ಟೋ ವಾಸಿ. ಮನೆ ತಣ್ಣಗಿದೆ, ಬಚ್ಚಲು ಖಾಲಿಯಿದೆ.

ಸುಖವಾಗಿರಲು ಇನ್ನೇನು ಬೇಕು? ಆದರೂ ಹೋದ ಭಾನುವಾರ ಯಾಕೋ ಕಾಲು ತಾನಾಗಿ ಗೇಟಿನ ಕಡೆ ಹೋಯಿತು. ಹಾಸನದ ಕಡೆಯಿಂದ ರುದ್ರೇಶನದರಂಥ ಬಿಳಿ ಕಾರೊಂದು ಕಾಣಿಸಿದಾಗ ಬಗ್ಗಿ ನೋಡಿದೆ. ಬೇರೆ ಯಾರೋ.

“ಯಾರ್ನ ಕಾಯ್ತಿದೀರಿ ಸೆಕ್ರೆಟ್ರಿಯಣ್ಣ?” ಎಂದಳು ಜಯಕ್ಕ, ಟಿಕೆಟು ಹರಿಯುತ್ತಲೇ.

“ಯಾರ್ನೂ ಇಲ್ಲ. ಸುಮ್ನೆ.”

“ಹಂಗಾದ್ರೆ ಒಸಿ ಪಕ್ಕುಕ್ ಬನ್ನಿ,” ಎಂದಳು. “ಹಿಂದೆ ಹಾಲಿನ್ ಗಾಡಿ ನಿಂತೈತೆ.”