ಭಂಗಾರದಂಥ ಜೀಪು

ನಮ್ಮ ಮಾಮಾ ಭೌತಶಾಸ್ತ್ರದ ಲೆಕ್ಚರರು. ಈ ವಿಷಯ ಭೌತಶಾಸ್ತ್ರಕ್ಕೆ ಗೊತ್ತಿದ್ದಂತಿಲ್ಲ! ಗೊತ್ತಿದ್ದರೆ ವಾರಕ್ಕೊಮ್ಮೆಯಾದರೂ ಅದು ಅವರ ಮಾತು ಕೇಳಬೇಕಿತ್ತಲ್ಲವೇ? ಕಾಲೇಜಿನ ಕರಿಹಲಗೆಯ ಮೇಲೆ ಬಲ, ಘರ್ಷಣೆ, ಗುರುತ್ವ ಎಲ್ಲವೂ ಅವರು ಹೇಳಿದ ಹಾಗೆ ತೆಪ್ಪಗೆ ನಡೆದುಕೊಳ್ಳುತ್ತಿದ್ದವು. ಭಾನುವಾರ ಬೆಳಿಗ್ಗೆ ನಾರಾಯಣಗೂಡದ ಮನೆಯ ಕಾಂಪೌಂಡಿನಲ್ಲಿ ಲುಂಗಿ ಎತ್ತಿ ಕಟ್ಟಿ ಜೀಪಿನ ಕೆಳಗೆ ನುಸುಳಿದರೋ, ಮೂರೂ ಸೇರಿ ಅವರ ಮೇಲೆ ಬೀಳುತ್ತಿದ್ದವು. ಗುರುತ್ವವಂತೂ ನಟ್ಟು ಬಿಚ್ಚುವ ಪಾನಾದ ರೂಪದಲ್ಲಿ, ನೇರವಾಗಿ ಹಣೆಗೇ.

ಜೀಪು ವಯಸ್ಸಿನಲ್ಲಿ ನನಗಿಂತ ಹಿರಿಯದು. ಬೀದರಿನ ಕಡೆ ಯಾವುದೋ ಕಲ್ಲುಗಣಿಯಲ್ಲಿ ದುಡಿದು ದುಡಿದು, ಕೊನೆಗೆ ಅಲ್ಲಿಯವರೇ ‘ಇನ್ನು ಸಾಕು ತಾಯಿ’ ಎಂದು ಕೈಮುಗಿದದ್ದನ್ನು ಮಾಮಾ ಮೆರವಣಿಗೆ ಮಾಡಿಕೊಂಡು ತಂದಿದ್ದರು. ಮೆರವಣಿಗೆ ಅಂದರೆ, ಮುಂದೆ ಎಳೆಯುವ ಲಾರಿ, ಹಿಂದೆ ಹಗ್ಗಕ್ಕೆ ಕಟ್ಟಿದ ಜೀಪು, ಅದರೊಳಗೆ ಸ್ಟೇರಿಂಗ್ ಹಿಡಿದು ತಾನೇ ಓಡಿಸುತ್ತಿರುವಂತೆ ಗಂಭೀರವಾಗಿ ಕೂತ ಮಾಮಾ.

“ಇದು ಅಂತಿಂಥಾ ಗಾಡಿ ಅಲ್ಲೋ ತಮ್ಮಾ,” ಅನ್ನುತ್ತಿದ್ದರು. “ನಾಕೂ ಗಾಲಿಗೆ ಎಂಜಿನ್ ಶಕ್ತಿ ಹೋಗತೈತಿ. ಗುಡ್ಡ ಹತ್ತತೈತಿ, ಹೊಳಿ ದಾಟತೈತಿ.”

ಗುಡ್ಡ ಎಲ್ಲಿದೆ, ಹೊಳೆ ಎಲ್ಲಿದೆ? ಮನೆಯಿಂದ ಅವರ ಕಾಲೇಜಿಗೆ ಏಳು ನಿಮಿಷದ ನಡಿಗೆ. ನಡುವೆ ಬರುವ ಅತಿ ದೊಡ್ಡ ಏರು ಅಂದರೆ ಒಂದು ಸ್ಪೀಡ್ ಬ್ರೇಕರು!

ನಾನು ಕಲಬುರ್ಗಿಯಿಂದ ಬಂದು ಮಾಮಾನ ಮನೆಯಲ್ಲಿ ಬಿಡಾರ ಹೂಡಿದ್ದು ಕಂಪ್ಯೂಟರ್ ಕಲಿಯಲು. ಅಮೀರ್‌ಪೇಟಿನಲ್ಲಿ ಬಾಳೆಹಣ್ಣು ಕೊಳ್ಳಲು ಹೋದವನೂ ಒಂದು ಕೋರ್ಸಿಗೆ ಸೇರಿ ವಾಪಸ್ ಬರುತ್ತಿದ್ದ ಕಾಲ ಅದು. ನಾನೂ ಆರು ತಿಂಗಳು ಕಲಿತೆ, ಮಾದಾಪುರದಲ್ಲಿ ನೌಕರಿ ಹಿಡಿದೆ, ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡೆ. ಹಾಲು ತರಲು ಹೋಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ ಅನ್ನುವುದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಸ್ವಲ್ಪ ಇದೆ.

ವಾರಕ್ಕೆ ಐದು ದಿನ ನಾನು ಸಾಫ್ಟ್‌ವೇರ್ ಎಂಜಿನಿಯರು. ಭಾನುವಾರ ಮಾತ್ರ ಟಾರ್ಚ್ ಹಿಡಿಯುವವನು.

“ಬೆಳಕು ನನ್ನ ಮಾರಿ ಮ್ಯಾಲಲ್ಲೋ, ನಟ್ಟಿನ ಮ್ಯಾಲೆ ಬಿಡು!”

“ನಟ್ಟು ಎಲ್ಲೈತ್ರಿ ಮಾಮಾ?”

“ಅದನ್ನ ಹುಡುಕಾಕ ಬೆಳಕು ಕೇಳಾಕತ್ತೀನಿ!”

ಒಂದು ಭಾನುವಾರ ಒಂದೇ ಒಂದು ನಟ್ಟು ಬಿಚ್ಚಲು ಬೆಳಗಿನ ಉಪ್ಪಿಟ್ಟಿನಿಂದ ಮಧ್ಯಾಹ್ನದ ಊಟದವರೆಗೆ ಹೋಯಿತು. ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿದರೆ ಬಲ ಹೇಗೆ ಹೆಚ್ಚುತ್ತದೆ ಅನ್ನುವುದನ್ನು ಮಾಮಾ ನನಗೆ ಕಾಂಪೌಂಡಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದರು. ಸೂತ್ರ ಗೋಡೆಯ ತುಂಬ ಹಬ್ಬಿತು. ನಟ್ಟು ಕದಲಲಿಲ್ಲ. ಪೈಪಿಗೆ ಜೋತುಬಿದ್ದರು, ನನ್ನನ್ನೂ ಜೋತುಬೀಳಿಸಿದರು. ನಾವಿಬ್ಬರೂ ಬಾವಲಿಗಳ ಹಾಗೆ ನೇತಾಡುತ್ತಿರುವಾಗ ಮಾಮಿ ಊಟಕ್ಕೆ ಕರೆಯಲು ಹೊರಗೆ ಬಂದರು. ಉಪ್ಪಿನಕಾಯಿ ಭರಣಿಗಳ ಮುಚ್ಚಳ ಬಿಟ್ಟರೆ ಬೇರೆ ಯಾವ ಯಂತ್ರದ ಸಂಗತಿಗೂ ಹೋಗದ ಹೆಂಗಸು. ಒಂದು ಕ್ಷಣ ಬಗ್ಗಿ ನೋಡಿದರು.

“ಅಲ್ರಿ, ಅಂಗಾತ ಮಲಗಿ ಕೆಳಗಿಂದ ನೋಡಿದ್ರ ಎಡ ಬಲ ತಿರುವುಮುರುವು ಆಗಂಗಿಲ್ಲೇನು?”

ಮೂರು ತಾಸಿನಿಂದ ನಾವು ಆ ನಟ್ಟನ್ನು ಬಿಗಿ ಮಾಡುತ್ತಿದ್ದೆವು!

ರಿಪೇರಿ ಹೇಗೋ ಸಹಿಸಬಹುದು. ಮಾಮಾ ಸುಧಾರಣೆಗೆ ಕೈಹಾಕಿದ ಮೇಲೆ ನಮ್ಮ ಕಷ್ಟ ಶುರುವಾಯಿತು. ಮೊದಲು ಗಾಲಿಗಳು ಬಂದವು. ಕಾಡು ಮೇಡಿಗೆ ತಕ್ಕ, ಒಂದೊಂದೂ ಬೀಸುವ ಕಲ್ಲಿನ ಅಜ್ಜನಂಥ ಗಾಲಿಗಳು. ಜೀಪು ಎರಡು ಗೇಣು ಎತ್ತರವಾಯಿತು, ಮಾಮಿ ಮಾತ್ರ ಇದ್ದಷ್ಟೇ ಎತ್ತರ ಉಳಿದರು. ರೇಷ್ಮೆ ಸೀರೆಯಲ್ಲಿ ಹತ್ತುವುದು ಹೇಗೆ? ಭೌತಶಾಸ್ತ್ರ ಬಲ್ಲ ಮಾಮಾ ಅಡುಗೆಮನೆಯ ಸ್ಟೂಲಿಗೆ ಹಗ್ಗ ಕಟ್ಟಿದರು. ಸ್ಟೂಲ್ ಇಡು, ಹತ್ತು, ಹಗ್ಗ ಎಳೆದು ಸ್ಟೂಲನ್ನು ಒಳಗೆ ಹಾಕಿಕೋ. ಇಳಿಯುವಾಗ ಇದೇ ಪಾಠ ಉಲ್ಟಾ.

ಕಾಚಿಗೂಡದ ಒಂದು ಮದುವೆಗೆ ನಾವು ಹೀಗೆ ಹೊರಟೆವು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಹೊಸ ಗಾಲಿ ತಗಡಿಗೆ ತಿಕ್ಕಿ ಹಂದಿ ಕಿರುಚಿದ ಹಾಗೆ ಸದ್ದು ಬರುತ್ತಿತ್ತು. ಆದ್ದರಿಂದ ಮಾಮಾ ಅಗಲವಾದ ತಿರುವುಗಳನ್ನೇ ಆರಿಸಿದರು. ಪಕ್ಕದ ಓಣಿಯಂಥ ಕಾಚಿಗೂಡಕ್ಕೆ ನಾವು ಟ್ಯಾಂಕ್ ಬಂಡ್, ಸಿಕಂದರಾಬಾದ್ ಎರಡನ್ನೂ ನೋಡಿಕೊಂಡು ಹೋದೆವು. ಅಕ್ಷತೆ ಬಿದ್ದು, ಊಟದ ಎರಡನೇ ಪಂಕ್ತಿ ಎದ್ದಿತ್ತು. ಮಂಟಪದ ಬಾಗಿಲಲ್ಲಿ ಬೀಗರೆಲ್ಲ ನೋಡುತ್ತಿದ್ದಂತೆ ಮೊದಲು ಹಗ್ಗಕ್ಕೆ ಕಟ್ಟಿದ ಸ್ಟೂಲ್ ಇಳಿಯಿತು, ಆಮೇಲೆ ಮಾಮಿ ಇಳಿದರು.

“ಯಾರಾದ್ರೂ ಕೇಳಿದ್ರ ಆನಿ ಮ್ಯಾಲಿಂದ ಇಳಿದೆ ಅಂತ ಹೇಳ್ತೀನಿ,” ಅಂದರು ಮಾಮಿ. “ಮರ್ಯಾದಿ ಒಂಚೂರು ಉಳೀತೈತಿ.”

ನಂತರದ ಸುಧಾರಣೆ ಉಸಿರು ಕೊಳವೆ. ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗದ ಹಾಗೆ, ಗಾಳಿ ಎಳೆದುಕೊಳ್ಳಲು ಮೂತಿಯಿಂದ ಟಾಪಿನವರೆಗೆ ಒಂದು ಕೊಳವೆ. ಮಾಮಾ ಅದನ್ನು ನಲ್ಲಿ ಕೆಲಸದವರ ಪ್ಲಾಸ್ಟಿಕ್ ಪೈಪಿನಲ್ಲೇ ಮಾಡಿದರು. ಎದುರು ಮನೆಯ ತೆಲುಗಿನ ಹಿರಿಯರು ಗೇಟಿಗೆ ಬಂದು ಮೇಲೆ ಕೆಳಗೆ ನೋಡಿ, “ಪೈಪು ಬಾಗುಂದಿ ಮಾಸ್ಟಾರೂ! ಬಾತ್‌ರೂಮ್ ಎಪ್ಪುಡು ಕಡತಾರು?” ಎಂದು ವಿಚಾರಿಸಿದರು. ಪೈಪು ಚೆನ್ನಾಗಿದೆ, ಬಚ್ಚಲು ಯಾವಾಗ ಕಟ್ಟುತ್ತೀರಿ ಎಂದು!

ಆದರೆ ದೇವರು ಒಮ್ಮೊಮ್ಮೆ ಹುಚ್ಚರ ಪಕ್ಷ. ಆ ವರ್ಷ ಮಳೆ ಹಿಡಿದು ನಮ್ಮ ರಸ್ತೆಯಲ್ಲಿ ಸೊಂಟದ ಮಟ್ಟ ನೀರು ನಿಂತಿತು. ಊರೆಲ್ಲ ಹಾಸಿಗೆ ಬಟ್ಟೆ ಮೇಲೆ ಎತ್ತಿಡುತ್ತಿದ್ದರೆ ಮಾಮಾ ಮದುಮಗನ ಹಾಗೆ ಓಡಾಡುತ್ತಿದ್ದರು. “ಬಂತು ನೋಡೋ ತಮ್ಮಾ ಹೊಳಿ! ಮನಿ ಬಾಗಲಿಗೇ ಬಂತು!” ಜೀಪನ್ನು ನೀರಿಗೆ ಇಳಿಸಿಯೇ ಬಿಟ್ಟರು. ಮಾಳಿಗೆಗಳ ಮೇಲಿಂದ ಜನ ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕು, ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಆದರೆ ಜೀಪಿನ ತಳದಲ್ಲಿ ತುಕ್ಕು ತಿಂದು ಮೂರು ತೂತುಗಳಿದ್ದವು. ಅವಕ್ಕೆ ಯಾರೂ ಕೊಳವೆ ಹಾಕಿರಲಿಲ್ಲ. ರಸ್ತೆಯ ನಡುವೆ, ಸೊಂಟದವರೆಗೆ ನೀರಲ್ಲಿ ಕೂತು, ಎದುರಿಗೆ ತಮ್ಮವೇ ಚಪ್ಪಲಿ ತೇಲಿಹೋಗುತ್ತಿರುವುದನ್ನು ನೋಡುತ್ತ ಮಾಮಾ ಕೂಗುತ್ತಿದ್ದರು:

“ಎಂಜಿನ್ ಉಸಿರಾಡಾಕತ್ತೈತಿ! ಎಂಜಿನ್ನಿಗೆ ಏನೂ ಆಗಿಲ್ಲ!”

“ಒಳಗ ಕೂತವರಿಗೂ ಒಂದು ಕೊಳವಿ ಹಾಕ್ರಿ!” ಎಂದು ಮಾಳಿಗೆಯ ಮೇಲಿಂದ ಮಾಮಿ ಕೂಗಿದರು.

ಆ ಸಂಜೆ, ಮೂಗು ಸೋರಿಸುತ್ತ ಕೂತಿದ್ದ ಮಾಮಾಗೆ ನಾನು ಬುದ್ಧಿ ಹೇಳಿದೆ. ಹೊಸ ನೌಕರಿಯವನಲ್ಲವೇ, ಬುದ್ಧಿ ಹೇಳುವ ಹಕ್ಕು ತಾನಾಗಿಯೇ ಬಂದಿತ್ತು. “ಜಗತ್ತು ಎಲ್ಲಿಗೋ ಹೋಗಾಕತ್ತೈತಿ ಮಾಮಾ. ನೀವಿನ್ನೂ ನಟ್ಟು ಬೋಲ್ಟು ಹಿಡಕೊಂಡು ಕೂತೀರಿ. ಹೊಸಾ ಕಾರು ತಗೋರಿ. ಇದನ್ನ ಭಂಗಾರಕ್ಕ ಹಾಕ್ರಿ.”

ಇಲ್ಲಿ ಭಂಗಾರ ಅಂದರೆ ಗುಜರಿ ಸಾಮಾನು. ಮಾಮಾ ಸೀನಿ, ಮೂಗೊರೆಸಿಕೊಂಡು, “ಉಚ್ಚಾರ ತಪ್ಪಾತು ತಮ್ಮಾ. ಅದು ಬಂಗಾರ,” ಅಂದರು.

ನಾನು ಹೇಳಿದ ಜಗತ್ತು ನಿಜವಾಗಿಯೂ ಎಲ್ಲಿಗೋ ಹೋಗುತ್ತಿತ್ತು. ಹೋಗುವಾಗ ನನ್ನನ್ನು ಕೆಳಗಿಳಿಸಿ ಹೋಯಿತು. ಮರುವರ್ಷ ಒಂದು ಬೆಳಿಗ್ಗೆ ನಮ್ಮ ಕಂಪನಿಯವರು ನನ್ನನ್ನೂ ಇನ್ನೂ ಹಲವರನ್ನೂ ಒಂದು ತಣ್ಣನೆಯ ಕೋಣೆಗೆ ಕರೆದು, ಬಹಳ ಸೌಜನ್ಯದಿಂದ, ನಾಳೆಯಿಂದ ಬರುವುದು ಬೇಡ ಅಂದರು. ಮನೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ಬುದ್ಧಿ ಹೇಳಿದ ಬಾಯಿ! ದಿನಾ ಬೆಳಿಗ್ಗೆ ಬೂಟು ಹಾಕಿ, ಮಾಮಿ ಕಟ್ಟಿದ ಊಟದ ಡಬ್ಬಿ ಹಿಡಿದು ಹೊರಟು, ಇಂಟರ್‌ನೆಟ್ ಅಂಗಡಿಗಳಲ್ಲೂ ಪಾರ್ಕಿನ ಬೆಂಚುಗಳ ಮೇಲೂ ಹೊತ್ತು ಕಳೆದು, ಸಂಜೆ ಆಯಾಸದ ಮುಖ ಮಾಡಿಕೊಂಡು ಬರುತ್ತಿದ್ದೆ. ಆಯಾಸವೇನೂ ಸುಳ್ಳಾಗಿರಲಿಲ್ಲ.

ಎರಡನೇ ವಾರ ಒಂದು ದಿನ ಡಬ್ಬಿ ಮರೆತು ಹೋದೆ. ಸಂಜೆ ಊಟಕ್ಕೆ ಕೂತಾಗ ಮಾಮಿ ಕೇಳಿದರು, “ಡಬ್ಬಿ ಮುಟ್ಟಿತಿಲ್ಲೋ? ನಿಮ್ಮ ಮಾಮಾ ಜೀಪು ತಗೊಂಡು ನಿಮ್ಮ ಆಫೀಸಿನ ಮಟಾ ಹೋಗಿದ್ರು. ಬದನಿಕಾಯಿ ಹೆಂಗಾಗಿತ್ತು?”

ಆಫೀಸಿಗೆ! ಅಲ್ಲಿಯ ಗೇಟಿನವನು ಏನು ಹೇಳಿರುತ್ತಾನೆ ಅನ್ನುವುದು ನನಗೆ ಗೊತ್ತಿತ್ತು. ಮಾಮಾ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಮುಟ್ಟಿತು,” ಅಂದರು. “ಅವನ ಕೈಯಾಗ ಕೊಟ್ಟು ಬಂದೀನಿ. ಬದನಿಕಾಯಿಗೆ ಉಪ್ಪು ಒಂಚೂರು ಕಮ್ಮಿ ಆಗಿತ್ತಂತ.”

ಅಡುಗೆಮನೆಯ ಗೋಡೆಯ ಮಾಡಿನಲ್ಲಿ ಡಬ್ಬಿ ತೊಳೆದು ಬೋರಲು ಹಾಕಿತ್ತು.

ಮರುದಿನ ನಾನು ಬೂಟು ಹಾಕಿಕೊಂಡು ಹೊರಗೆ ಬಂದರೆ, ವಾರದ ನಡುವೆ, ಮಾಮಾ ಲುಂಗಿ ಕಟ್ಟಿ ಜೀಪಿನ ಕೆಳಗಿದ್ದರು. “ಕಾಲೇಜಿಗೆ ರಜಾ ಹಾಕೀನಿ. ಗೇರ್ ಬಾಕ್ಸ್ ಇಳಸೂದೈತಿ. ಒಬ್ಬನ ಕೈಲೆ ಆಗೂದಿಲ್ಲ. ನೀನೂ ಒಂದಿಷ್ಟು ದಿನ ರಜಾ ಹಾಕು.”

ಮಾಮಿ ಬಾಗಿಲಲ್ಲಿ ನಿಂತಿದ್ದರು. “ನಿನ್ನೆ ಮಾದಾಪುರ ಮಟಾ ಹೋಗಿ ಬಂತಲ್ರಿ ಗಾಡಿ. ಏನಾಗೇತಿ ಅದಕ್ಕ?”

“ಒಳಗಿನ ಜಡ್ಡು. ಹೊರಗ ಕಾಣಂಗಿಲ್ಲ.”

ನಾನು ಬೂಟು ಬಿಚ್ಚಿ, ಅವರ ಪಕ್ಕ ನೆಲಕ್ಕೆ ಬೆನ್ನು ಹಚ್ಚಿ ಮಲಗಿದೆ. ಒಂದೊಂದೇ ಬೋಲ್ಟು ಬಿಚ್ಚಿದೆವು. ಗೇರ್ ಬಾಕ್ಸು ಸಡಿಲಾಗಿ ನಮ್ಮಿಬ್ಬರ ಕೈಗೆ ಇಳಿಯುವ ಹೊತ್ತಿಗೆ ನಾನು, “ಮಾಮಾ, ನನ್ನ ನೌಕರಿ...” ಅಂದೆ.

“ಗೊತ್ತೈತಿ,” ಅಂದರು. “ನೀ ಸುಮ್ಮನ ಒಂದು ಕೈ ಹಚ್ಚು. ಭಾರ ನಾ ತಗೋತೀನಿ.”

ಅದರ ಮೇಲೆ ಆ ವಿಷಯ ಒಂದು ಸಲವೂ ಎತ್ತಲಿಲ್ಲ. ಬೆಳಿಗ್ಗೆ ನಾನು ಅರ್ಜಿ ಬರೆದು ಪರೀಕ್ಷೆ, ಸಂದರ್ಶನ ಅಂತ ಓಡಾಡುತ್ತಿದ್ದೆ. ಮಧ್ಯಾಹ್ನ ಅವರು ಕಾಲೇಜಿನಿಂದ ಬೇಗ ಬಂದು, ಬೇವಿನ ನೆರಳಿನಲ್ಲಿ ಹಳೇ ಪೇಪರು ಹಾಸಿ, ಒಂದೊಂದು ಹಲ್ಲಿನ ಗಾಲಿಯನ್ನೂ ನನ್ನ ಕೈಲಿ ಸೀಮೆಎಣ್ಣೆ ಹಚ್ಚಿ ಒರೆಸಿಸುತ್ತಿದ್ದರು. ನಾಲ್ಕನೇ ವಾರ ನನಗೆ ಬೇರೆ ಕಡೆ ಕೆಲಸವಾಯಿತು. ಸುದ್ದಿ ಕೇಳಿದ ಮಾಮಾ “ಛಲೋ ಆತು” ಎಂದು ಅಷ್ಟೇ ಹೇಳಿ, ಲುಂಗಿ ಎತ್ತಿ ಕಟ್ಟಿದರು.

ಅಷ್ಟು ದಿನ ಬಿಚ್ಚಿ ಹರವಿದ್ದ ಗೇರ್ ಬಾಕ್ಸು ಅವತ್ತು ಒಂದೇ ಮಧ್ಯಾಹ್ನದಲ್ಲಿ ವಾಪಸ್ ಕೂತಿತು. ಒಂದೇ ಒಂದು ಹೊಸ ಸಾಮಾನನ್ನೂ ಅವರು ಅದಕ್ಕೆ ಹಾಕಲಿಲ್ಲ.