ಮೇಷ್ಟ್ರ ಕೊಡೆಯ ಬಾಡಿಗೆದಾರ

ಮಳೆಯಿಲ್ಲದ ತಿಂಗಳಲ್ಲಿ ಕೊಡೆ ರಿಪೇರಿಯವನನ್ನು ಮಾತಾಡಿಸುವವರು ಯಾರು? ನೊಣ ಕೂಡ ಪಕ್ಕದ ಕಟಿಂಗ್ ಶಾಪಿಗೇ ಹೋಗುತ್ತಿತ್ತು. ಹಾಗಾಗಿ ಅಂದು ಬೆಳಿಗ್ಗೆ, ಅರ್ಧ ಬಿಚ್ಚಿ ಮೊಳೆಗೆ ನೇತುಹಾಕಿದ್ದ ಮೇಷ್ಟ್ರ ಕೊಡೆಯೊಳಗಿಂದ ಯಾರೋ ಚಿಕ್ ಚಿಕ್ ಎಂದದ್ದು ಅವನಿಗೆ ಹಿತವಾಗಿಯೇ ಕೇಳಿಸಿತು. ಇಣುಕಿದರೆ ಬಾವಲಿ ಮರಿ. ಒಣದ್ರಾಕ್ಷಿಗೆ ಕಿವಿ ಮೂಡಿದಂತಿತ್ತು. ಮಾಡಿನ ಸಂದಿಯಿಂದ ಜಾರಿಬಿದ್ದು, ಕಪ್ಪು ಬಟ್ಟೆಯನ್ನೇ ಅಮ್ಮನೆಂದು ಅಪ್ಪಿಕೊಂಡಿತ್ತು.

“ಅಯ್ಯೋ, ಪೀಡೆ! ಆಚೆ ಎಸಿ!” ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಓಡಿಬಂದ. ಹಿಂದೆ, ಒಂದೇ ಕೆನ್ನೆಗೆ ನೊರೆ ಮೆತ್ತಿಕೊಂಡ ಗಿರಾಕಿ.

“ಪೀಡೆ ನೀನು ಕಣಯ್ಯ. ಇದು ಮಗು.”

“ಕೂದಲಿಗೆ ಅಂಟಿಕೊಂಡ್ರೆ ಬಿಡಲ್ವಂತೆ!”

ಕೊಡೆಯವನು ತನ್ನ ಬೋಳುತಲೆ ಸವರಿಕೊಂಡ. “ಹಾಗಾದ್ರೆ ನನಗೇನು ಭಯ?”

ಅವರಿವರನ್ನು ಕೇಳಿ ನಂಬರ್ ಹುಡುಕಿ ಅವನು ಫೋನ್ ಮಾಡಿದಾಗ, ಬಾವಲಿಗಳ ಆರೈಕೆ ಮಾಡುವ ಡಾಕ್ಟರಮ್ಮ ಹೇಳಿದರು: “ಬರಿಗೈಲಿ ಮುಟ್ಬೇಡಿ, ಹಾಲುಗೀಲು ಹಾಕ್ಬೇಡಿ. ಸಂಜೆ ಕೊಡೆ ಸಮೇತ ಹೊರಗೆ ಎತ್ತರದಲ್ಲಿ ನೇತುಹಾಕಿ, ತಾಯಿ ಬಂದು ಎತ್ಕೊಂಡು ಹೋಗುತ್ತೆ. ಬರದಿದ್ರೆ ಹೇಳಿ, ನಾನೇ ಬಂದು ಒಯ್ತೀನಿ.”

ಅಂತೂ ಮರಿ ಹೋಗುವುದು ಖಾತ್ರಿ. ಕೊಡೆಯವನ ಮುಖ ಸಪ್ಪಗಾಯಿತು.

ಮಧ್ಯಾಹ್ನ ಮೇಷ್ಟ್ರು ಬಂದರು. “ಎಲ್ಲಯ್ಯ ನನ್ನ ಕೊಡೆ?”

“ಒಳಗೆ ಮಗು ಮಲಗಿದೆ ಮೇಷ್ಟ್ರೇ. ಮೆಲ್ಲಗೆ ಮಾತಾಡಿ.”

ಮೇಷ್ಟ್ರು ಇಣುಕಿ ನೋಡಿ, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಬೈದರು.

ಸಂಜೆ ಕೊಡೆ ಸೂರಿನ ಕೊಕ್ಕೆಗೇರಿತು. ಬೀದಿಗೆ ಬೀದಿಯೇ ಎದುರುಗಡೆ ನಿಂತಿತು. ‘ಆಚೆ ಎಸಿ’ ಎಂದವನೇ ಎಲ್ಲರಿಗೂ ‘ಶ್!’ ಎನ್ನುತ್ತಿದ್ದ. ಅಷ್ಟು ಜನ ತನ್ನ ಅಂಗಡಿಯತ್ತ ನೋಡಿದ್ದನ್ನು ಕೊಡೆಯವನು ಎಂದೂ ಕಂಡಿರಲಿಲ್ಲ. ಕತ್ತಲಾಯಿತು, ತಾಯಿ ಬರಲಿಲ್ಲ. ಕುತ್ತಿಗೆ ನೊಂದವರು ಒಬ್ಬೊಬ್ಬರಾಗಿ ಊಟಕ್ಕೆ ಹೊರಟರು. ಉಳಿದದ್ದು ಅವನು ಮತ್ತು ಆ ಚಿಕ್ ಚಿಕ್.

ಅವನು ಒಳಗೆ ಹೋಗಿ ಫೋನ್ ಮಾಡಿದ. “ಡಾಕ್ಟರಮ್ಮ, ತಾಯಿ ಬಂತು. ಕರ್ಕೊಂಡು ಹೋಯ್ತು.”

“ನೀವೇ ನೋಡಿದ್ರಾ?”

“ಕಣ್ಣಾರೆ. ಮರಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.”

“ಒಳ್ಳೇದಾಯ್ತು. ಇನ್ನು ನಾನು ಬರೋ ಕೆಲಸ ಇಲ್ಲ.”

ಅಂಗಡಿಯ ಹಿಂದಿನ ಕೋಣೆಯಲ್ಲಿ, ತನ್ನ ಹಾಸಿಗೆಯ ಪಕ್ಕ, ಕೊಡೆ ತೂಗುಹಾಕಲು ಖುಷಿಯಿಂದ ಮೊಳೆ ಹೊಡೆದ. ಮರಿಗೆ ಹೆಸರು ಹುಡುಕುತ್ತ ಹೊರಬಂದು ಕೊಡೆ ಇಳಿಸಿದ. ಸದ್ದಿಲ್ಲ. ಕಡ್ಡಿ ಕಡ್ಡಿ ಬಿಡಿಸಿ ನೋಡಿದ. ಸೂರಿನಾಚೆ ರೆಕ್ಕೆಯ ಪಟಪಟ ದೂರವಾಗುತ್ತಿತ್ತು. ಒಂದು ಮೊಳೆ ಹೊಡೆಯುವಷ್ಟು ಹೊತ್ತು ಆ ತಾಯಿಗೆ ಸಾಕಾಗಿತ್ತು.

ಊಟ ಮುಗಿಸಿದ ಮೇಷ್ಟ್ರು ಹಿಂದೆ ನಿಂತಿದ್ದರು. “ಖಾಲಿ ತಾನೆ?”

“ಖಾಲಿ ಮೇಷ್ಟ್ರೇ.”

“ಹಾಗಾದ್ರೆ ಕೊಡು.”

ಕೊಡೆಯೂ ಹೋಯಿತು. ಹೊಸ ಮೊಳೆಗೆ ಅವನು ತನ್ನ ಅಂಗಿ ನೇತುಹಾಕಿ ಮಲಗಿದ.