ಐಕಾನುಗಳ ವಿಮೋಚನಾ ಹೋರಾಟ

ಮಂತ್ರಿಯ ಕಾರನ್ನೇ ಅಡ್ಡಗಟ್ಟಿ ಹಿಂದಕ್ಕೆ ಕಳಿಸಿದ ಎದೆ ಇದು, ಹೆಂಡತಿಯ ಕಂಪ್ಯೂಟರಿಗೆ ಹೆದರೀತೇ? ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದನ್ನು ದಾರಿಗೆ ತಂದೇ ತರುತ್ತೇನೆಂದು ತೋಳೇರಿಸಿ ಕೂತೆ.

ಅವಳು ಮನೆಗಳ ನಕ್ಷೆ ಬರೆಯುವವಳು. ಮಧ್ಯಾಹ್ನದೊಳಗೆ ಮೇಸ್ತ್ರಿಗೆ ಒಂದು ನಕ್ಷೆ ಕಳಿಸಬೇಕಿತ್ತು; ಅಲ್ಲಿ ಪಾಯ ತೋಡಲು ಆಳುಗಳು ಗುದ್ದಲಿ ಹಿಡಿದು ಕಾಯುತ್ತಿದ್ದರು. ಇಲ್ಲಿ ನೋಡಿದರೆ ಪರದೆಯ ಮೇಲಿನ ಐಕಾನುಗಳೆಲ್ಲ ಬಣ್ಣ ಬಿಟ್ಟು ಬರೀ ಬಿಳಿ ಹಾಳೆ! ನಾನು ಬೀದಿಯಲ್ಲಿ ಗಂಟಲು ಹರಿದುಕೊಂಡರೂ ಬಾರದ ಸಮಾನತೆ ಅಲ್ಲಿ ಬಂದು ಕೂತಿತ್ತು. ಆದರೆ ಪಾಪ, ಅವಳ ಕೆಲಸ ನಡೆಯಬೇಕಲ್ಲ?

ಮೌಸಿನ ಎಡಗುಂಡಿ ಒತ್ತಿ ಒತ್ತಿ ಸೋತೆ. ಬದುಕಿಡೀ ಎಡಕ್ಕೇ ನಿಂತ ನಾನು, ಹಲ್ಲು ಕಚ್ಚಿ ಬಲಕ್ಕೆ ವಾಲಿದೆ. ಏನೇನೋ ಸಾಲುಗಳು ಇಳಿದವು. ಒಂದರ ಎದುರು ಆಗಲೇ 'ಸರಿ' ಗುರುತು! ಜನರನ್ನು ಕೇಳದೆ ಮಂಜೂರು ಮಾಡೋಕೆ ಈ ಕಂಪ್ಯೂಟರ್ ಯಾರು? ಒತ್ತಿ ಕಿತ್ತುಹಾಕಿದೆ.

ಐಕಾನುಗಳ ಇಡೀ ಜಾಥಾ ಪರದೆಯಿಂದ ಮಾಯ! ಲಾಠಿ ಬೀಸಿದ ಬೀದಿಯಲ್ಲೂ ನಾಲ್ಕು ಚಪ್ಪಲಿ ಉಳಿದಿರುತ್ತವೆ. ಇಲ್ಲಿ ಅದೂ ಇಲ್ಲ.

"ಏನ್ರೀ ಅದು ಟಕ ಟಕ ಸದ್ದು?" ಬಚ್ಚಲಿನಿಂದ ಕೂಗು.

"ಏನಿಲ್ಲ ಕಣೇ, ಮಾತುಕತೆ ನಡೀತಿದೆ!"

"ಯಾರ ಜೊತೆ?"

ಮಾತುಕತೆ ಮುರಿದುಬಿದ್ದರೆ ನಮ್ಮಂಥವರಿಗೆ ಗೊತ್ತಿರುವುದು ಒಂದೇ: ಬಂದ್! ಗೋಡೆಯ ಪ್ಲಗ್ಗನ್ನೇ ಕಿತ್ತೆ.

ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು ಕಪ್ಪು ಪರದೆ ನೋಡಿದಳು. ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದಳು.

"ನಕ್ಷೆ ತೆರೆದೇ ಇತ್ತು ಕಣ್ರೀ, ಮಿನಿಮೈಸ್ ಮಾಡಿ ಹೋಗಿದ್ದೆ. ಬೆಳಗ್ಗೆಯಿಂದ ಬರೆದದ್ದು. ಸೇವ್ ಮಾಡಿರಲಿಲ್ಲ."

"ಅಲ್ವೇ, ಎಲ್ಲಾ ಬೆಳ್ಳಗಾಗಿದ್ವು... ಯಾವುದು ಯಾವುದು ಅಂತ ನಿನಗೆ ಹೆಂಗೆ ಗೊತ್ತಾಗ್ಬೇಕು ಅಂತ..."

"ಅವು ಬೆಳ್ಳಗಾಗಿ ಯಾವ ಕಾಲ ಆಯ್ತು! ಕೆಳಗೆ ಹೆಸರಿರುತ್ತಲ್ಲ, ಓದೋಕೆ ಬರಲ್ವಾ?"

ಊರಿನ ಗೋಡೆಗಳಿಗೆಲ್ಲ ಘೋಷಣೆ ಬರೆದವನು ನಾನು! ಪ್ಲಗ್ಗನ್ನು ಮತ್ತೆ ಗೋಡೆಗೆ ಸಿಕ್ಕಿಸಿದೆ. ಅವಳು ಕೂಗಾಡಲಿಲ್ಲ. ಸ್ಟೂಲನ್ನು ಕಾಲಲ್ಲೇ ನನ್ನತ್ತ ತಳ್ಳಿ, "ಕೂತ್ಕೊಳ್ಳಿ. ಈ ಹಾಳೇಲಿರೋ ಅಳತೆ ಓದಿ ಹೇಳ್ತಾ ಹೋಗಿ, ಮತ್ತೆ ಬರೀತೀನಿ" ಎಂದಳು. ಕೈದಿಯ ಹಾಗೆ ಕೂತು ಅಡುಗೆಮನೆಯ ಉದ್ದಗಲ ಓದತೊಡಗಿದೆ.

ಫೋನು ಹೊಡೆದುಕೊಂಡಿತು. ಅವಳು ಸ್ಪೀಕರಿಗೆ ಹಾಕಿದಳು.

"ಅಕ್ಕಾ, ನಕ್ಷೆ ಎಲ್ಲಿ? ಆಳುಗಳು ಸುಮ್ನೆ ಕೂತವ್ರೆ!"

"ಸಂಜೆ ಆಗುತ್ತೆ ಮೇಸ್ತ್ರಿ. ನಮ್ಮನೇಲಿ ಬಂದ್ ಆಗಿಬಿಡ್ತು."

"ಅಯ್ಯೋ! ಏನಂತೆ ಬೇಡಿಕೆ?"

ಅವಳು ನನ್ನತ್ತ ತಿರುಗಿ, ಬಂದ ನಗುವನ್ನು ಟವೆಲ್ಲಿನ ಅಂಚಿನಲ್ಲಿ ಒತ್ತಿಕೊಂಡು ಹೇಳಿದಳು:

"ನಾನೂ ಅದನ್ನೇ ಕೇಳ್ತಿದ್ದೀನಿ. ಮಾಡ್ದೋರಿಗೇ ಗೊತ್ತಿಲ್ವಂತೆ!"